ಗರ್ಭಿಣಿಯರಲ್ಲಿ ದಂಪತಿ ಸಂಪರ್ಕಾನಂತರದ ರಕ್ತಸ್ರಾವ: ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗೆ

ಈ ವಿಷಯವನ್ನು ಅತ್ತೆಯ ಮುಂದಾಗಲಿ, ಆಶಾ ಕಾರ್ಯಕರ್ತೆಯ ಮುಂದಾಗಲಿ ಹೇಳಲು ಗರ್ಭಿಣಿಯರು ಸಂಕೋಚಪಡುವುದು ಸಹಜ. ಚಿಕಿತ್ಸೆ ತಡವಾಗುವುದಕ್ಕೂ ಈ ಸಂಕೋಚವೇ ಕಾರಣವಾಗುವುದುಂಟು.

ಗರ್ಭಾವಸ್ಥೆಯಲ್ಲಿ ಗರ್ಭಕೋಶದ ಕೊರಳಿಗೆ ರಕ್ತಸಂಚಾರ ಹೆಚ್ಚಿ, ಅದು ಮೃದುವಾಗಿರುತ್ತದೆ. ಆದ್ದರಿಂದ ಸಂಪರ್ಕದ ನಂತರ ಒಂದೆರಡು ಹನಿ ರಕ್ತ ಕಾಣಿಸಿ ತಾನಾಗಿಯೇ ನಿಲ್ಲಬಹುದು. ಬಹುಮಟ್ಟಿಗೆ ಇದರಿಂದ ಮಗುವಿಗೆ ಅಪಾಯವಿಲ್ಲ. ಇದಕ್ಕಾಗಿ ಗಂಡನನ್ನಾಗಲಿ ಹೆಂಡತಿಯನ್ನಾಗಲಿ ದೂಷಿಸುವುದು ತರವಲ್ಲ. ಸೋಂಕಿನಿಂದಲೂ ರಕ್ತ ಕಾಣಿಸಬಹುದಾದ್ದರಿಂದ ಕಾರಣವನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ಐದು ತಿಂಗಳು ತುಂಬಿದ ಮೇಲಿನ ರಕ್ತಸ್ರಾವದ ಮಾತೇ ಬೇರೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದಲ್ಲಿ ನೋವಿಲ್ಲದೆಯೇ ವಿಪರೀತ ರಕ್ತ ಹೋಗಬಹುದು. ನೋವಿಲ್ಲವಲ್ಲ ಎಂದು ಮನೆಯಲ್ಲಿ ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಸ್ಕ್ಯಾನಿಂಗ್‌ನಿಂದ ಮಾಸಿನ ಸ್ಥಾನ ತಿಳಿಯುವ ಮುನ್ನ ಕೈಯಿಂದ ಒಳಪರೀಕ್ಷೆ ಮಾಡಕೂಡದು. ಊರಿನ ಸೂಲಗಿತ್ತಿಯರಿಗೂ ಇದನ್ನು ತಿಳಿಸುವುದು.

ಬಟ್ಟೆ ತೋಯುವಷ್ಟು ರಕ್ತ, ಹೊಟ್ಟೆನೋವು, ತಲೆಸುತ್ತು ಅಥವಾ ಮಗುವಿನ ಚಲನೆ ಕುಂದಿದ್ದು ಕಂಡಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸುಮಾರು 30ರಿಂದ 40 ಕಿ.ಮೀ. ದಾರಿಯಿರುವುದನ್ನು ಮರೆಯಲಾಗದು.

ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ನೆಗೆಟಿವ್ ಎಂದಿದ್ದರೆ, ರಕ್ತ ಅಲ್ಪವೇ ಆದರೂ ಅಂದೇ ವೈದ್ಯರಿಗೆ ತಿಳಿಸಬೇಕು. ಆಂಟಿ-ಡಿ ಚುಚ್ಚುಮದ್ದು ಅಗತ್ಯವಾದಲ್ಲಿ ಅದನ್ನು 72 ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆಯಿರುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಮಹಿಳಾ ಸದಸ್ಯರು ಈ ವಿಷಯ ಪ್ರಸ್ತಾಪಿಸುವುದು ಸೂಕ್ತ. ಯಾವುದೇ ಗರ್ಭಿಣಿಯ ಹೆಸರನ್ನು ನಡಾವಳಿಯಲ್ಲಿ ದಾಖಲಿಸಕೂಡದು.