ಬೆಂಕಿಯಲ್ಲೂ ಉಳಿಯುವ ಚಿತ್ರ

ಕಂಪ್ಲಿಯ ವಿದ್ಯಾರ್ಥಿನಿಯೊಬ್ಬಳು ತೀರಿಹೋದ ದಾದಿಯ ಒಂದೇ ಒಂದು ಫೋಟೊ ತಂದು, ತಾನೇ ಮಾಡಿದ ಮಣ್ಣಿನ ಬಟ್ಟಲಿನ ಮೇಲೆ ಇದನ್ನು ಮೂಡಿಸಬಹುದೇ ಎಂದು ನಮ್ಮನ್ನು ಕೇಳಿದಳು. ಖಂಡಿತ ಮೂಡಿಸಬಹುದು.

ಮೊದಲು ಫೋಟೊ ಸ್ಕ್ಯಾನ್ ಮಾಡಿಸಿ, ಮೂಲಪ್ರತಿಯನ್ನು ಜೋಪಾನವಾಗಿ ಎತ್ತಿಡಬೇಕು. ಸ್ಕ್ಯಾನ್ ಮಾಡಿದ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ, ಲೇಸರ್ ಪ್ರಿಂಟರ್‌ನಿಂದ ಡೆಕಾಲ್ ಕಾಗದದ ಮೇಲೆ ಮುದ್ರಿಸಬೇಕು. ಟೋನರ್‌ನಲ್ಲಿ ಕಬ್ಬಿಣದ ಆಕ್ಸೈಡ್ ಇರಲೇಬೇಕು. ಇಂಕ್‌ಜೆಟ್ ಶಾಯಿ ಸುಟ್ಟುಹೋಗುತ್ತದೆ. ಕಾಗದವನ್ನು ನೀರಿನಲ್ಲಿ ನೆನೆಸಿದರೆ ಚಿತ್ರವಿರುವ ತೆಳುಪದರ ಜಾರಿ ಬರುತ್ತದೆ. ಅದನ್ನು ಗ್ಲೇಜ್ ಹಾಕಿ ಸುಟ್ಟ ಬಟ್ಟಲಿಗೆ ಅಂಟಿಸಿ, ಗುಳ್ಳೆ ಉಳಿಯದಂತೆ ಬಟ್ಟೆಯಿಂದ ಒತ್ತಿ, ಒಣಗಿಸಿ, ವಿದ್ಯುತ್ ಕುಲುಮೆಯಲ್ಲಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಸುಡಬೇಕು. ಹೊಗೆ ಬರುವುದರಿಂದ ಗಾಳಿಯಾಡುವ ಜಾಗ ಬೇಕು. ಪದರ ಉರಿದುಹೋಗಿ, ಕಬ್ಬಿಣವು ಗ್ಲೇಜಿನಲ್ಲಿ ಕಂದುಬಣ್ಣದ ಚಿತ್ರವಾಗಿ ಉಳಿಯುತ್ತದೆ. ಸಂಡೂರಿನ ಬೆಟ್ಟಗಳ ಮಣ್ಣು ಕೆಂಪಾಗಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ.

ನಮ್ಮ ಮೊದಲ ಬಟ್ಟಲು ಬಿರುಕು ಬಿಟ್ಟಿತು. ದಾದಿಯ ಫೋಟೊ ಮಾತ್ರ ಭದ್ರವಾಗಿತ್ತು. ಎರಡನೆಯ ಬಟ್ಟಲಲ್ಲಿ ಮುಖ ಮೂಡಿತು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊಗಳ ಕಾಗದದ ನೆಗೆಟಿವ್‌ಗಳು ಉಳಿದದ್ದರಿಂದಲೇ ಅಂದಿನ ಹಂಪಿಯನ್ನು ನಾವಿಂದು ಕಾಣುತ್ತೇವೆ. ಪೋಷಕರೇ, ಮಕ್ಕಳ ಅಂಕಪಟ್ಟಿಯಂತೆಯೇ ಮನೆಯ ಹಳೆಯ ಫೋಟೊಗಳಿಗೂ ಒಂದೊಂದು ಪ್ರತಿ ಮಾಡಿಸಿಡಿ.