ಒಂದೇ ಡಬ್ಬಿ ಸಾಕು, ಮಗಾ

ನಾನು ಮೈಸೂರಿನಿಂದ ನಾಗ್ಪುರದ ಹತ್ತಿರದ ಈ ಕನ್ಹಾನ್‌ಗೆ ಹೊತ್ತು ತಂದ ಎನ್‌ಲಾರ್ಜರಿನ ಧೂಳು ಕೊಡವಿ, ನಮ್ಮ ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದೀಯ. ಸಂತೋಷ. ಸ್ನಾನಕ್ಕೆ ಹೊತ್ತಾದರೂ ಅಜ್ಜಿ ತುಟಿ ಪಿಟಕ್ಕೆಂದಿಲ್ಲ. ನಾನು ಹಾಗೆ ಮಾಡಿದ್ದಾಗ ಸುಮ್ಮನಿದ್ದವಳಲ್ಲ ಅವಳು.

ಆದರೆ ನಿನ್ನ ಆತುರ ನೋಡಿದರೆ ನಗು ಬರುತ್ತದೆ. ಪ್ರಿಂಟು ಮಸುಕಾದರೆ ಪೇಪರು ಸರಿಯಿಲ್ಲ ಅನ್ನುತ್ತೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾರಕ್ಕೊಂದು ಪೇಪರು ಬದಲಾಯಿಸುವವನಿಗೆ ಯಾವುದರ ಗುಣ ತಾನೇ ತಿಳಿದೀತು?

ಪೇಪರುಗಳೇ ಸಿಗುತ್ತಿಲ್ಲ ಎಂದು ಗೋಳಾಡುತ್ತೀಯಲ್ಲ, ಅದು ನಿಜವೇ. 1960ರಲ್ಲಿ ಊಟಿಯಲ್ಲಿ ಹುಟ್ಟಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿತು, ಅದರ ‘ಇಂದು’ ಪೇಪರೂ ಹೋಯಿತು. ಕಾರ್ಖಾನೆಯ ಜಾಗಕ್ಕೆ ಇಂದುನಗರ ಅನ್ನುವ ಹೆಸರು ಮಾತ್ರ ಉಳಿದಿದೆ. ಕೊಡಕ್ 2005ರಲ್ಲಿ ಕಪ್ಪುಬಿಳುಪು ಪೇಪರಿಗೆ ಕೈಮುಗಿಯಿತು. ಅದೇ ವರ್ಷ ಜರ್ಮನಿಯ ಆಗ್ಫಾಫೋಟೋ ದಿವಾಳಿಯಾಯಿತು. ಉಳಿದವರಲ್ಲಿ ಇಂಗ್ಲೆಂಡಿನ ಇಲ್ಫೋರ್ಡ್ ಇದೆ, ಜೆಕ್ ದೇಶದ ಫೋಮಾ ಇದೆ. ಇಷ್ಟು ಸಾಲದೇ? ನಮ್ಮ ಕಾಲದಲ್ಲಿ ಏನು ತುಂಬಿ ತುಳುಕುತ್ತಿತ್ತು ಅಂದುಕೊಂಡೆ? ನನ್ನ ನೆಗೆಟಿವ್ ಕಾಂಟ್ರಾಸ್ಟ್ ಹೆಚ್ಚಿರುವ ಮೂರನೇ ನಂಬರಿನ ಪೇಪರು ಕೇಳುತ್ತಿತ್ತು, ಅಂಗಡಿಯಲ್ಲಿ ಎರಡನೆಯದು ಮಾತ್ರ ಇರುತ್ತಿತ್ತು. ಕೊನೆಗೆ ಎರಡನೇ ನಂಬರಿಗೆ ಒಗ್ಗುವಂತೆ ನೆಗೆಟಿವ್ ಡೆವಲಪ್ ಮಾಡುವುದನ್ನೇ ಕಲಿತೆ. ನಿನಗೆ ಆ ಪಾಡೂ ಇಲ್ಲ. ಮಲ್ಟಿಗ್ರೇಡ್ ಡಬ್ಬಿ ಒಂದಿದ್ದರೆ ಫಿಲ್ಟರ್ ಬದಲಾಯಿಸುತ್ತಾ 00ಯಿಂದ 5ರವರೆಗೆ ಯಾವ ಕಾಂಟ್ರಾಸ್ಟ್ ಬೇಕಾದರೂ ತೆಗೆಯಬಹುದು. ಅದೊಂದನ್ನೇ ಹಿಡಿದು ಒಂದು ವರ್ಷ ಗುದ್ದಾಡು.

ಹಳೇ ಡಬ್ಬಿ ಕೂಡಿಡುವ ಚಟವನ್ನೂ ಬಿಡು. ಅದು ನನ್ನಿಂದಲೇ ನಿನಗೆ ಬಂದದ್ದು, ಬಲ್ಲೆ. ‘ಇಂದು’ ಪೇಪರು ಇನ್ನು ಸಿಗುವುದಿಲ್ಲ ಅಂತ ಕಿವಿಗೆ ಬಿದ್ದದ್ದೇ ತಡ, ಆರು ಡಬ್ಬಿ ತಂದು ಅಟ್ಟದ ಮೇಲಿಟ್ಟೆ. ಊಟಿಯ ತಂಪಿನಲ್ಲಿ ಹುಟ್ಟಿದ ಕಾಗದ ಅದು. ನಮ್ಮ ಅಟ್ಟವೋ ಮೇ ತಿಂಗಳಲ್ಲಿ ರೊಟ್ಟಿ ಹೆಂಚು. ಕೆಲವು ವರ್ಷ ಬಿಟ್ಟು ತೆರೆದು ನಿಮ್ಮಮ್ಮನ ಮದುವೆ ಫೋಟೋ ಪ್ರಿಂಟು ಹಾಕಿದರೆ, ಬಿಳೀ ಪಂಚೆಗಳೆಲ್ಲ ಬೂದಿ ಬಣ್ಣ. “ಇದೇನು, ಮದುವೆಯೋ ತಿಥಿಯೋ?” ಅಂದಳು ಅಜ್ಜಿ.

ಈಗ ಯಾರಾದರೂ ಹಳೇ ಡಬ್ಬಿ ಅಗ್ಗಕ್ಕೆ ಕೊಡುತ್ತೇನೆಂದರೆ ಮೊದಲು ಹೀಗೆ ಮಾಡು. ಸೇಫ್‌ಲೈಟನ್ನೂ ಆರಿಸಿ, ಕಗ್ಗತ್ತಲಲ್ಲಿ ಎರಡು ಬೆರಳಗಲದ ತುಂಡು ಎರಡು ಕತ್ತರಿಸಿಕೋ. ಬೆಳಕು ತಾಕಿಸಬೇಡ. ಒಂದನ್ನು ಎರಡು ನಿಮಿಷ ಡೆವಲಪರಿನಲ್ಲಿಟ್ಟು ಹೈಪೊಗೆ ಹಾಕು, ಇನ್ನೊಂದನ್ನು ನೇರವಾಗಿ ಹೈಪೊಗೆ ಹಾಕು. ತೊಳೆದು ಹಗಲಲ್ಲಿ ಪಕ್ಕಪಕ್ಕ ಇಟ್ಟು ನೋಡು. ಮೊದಲನೆಯದು ಮಬ್ಬಾಗಿದ್ದರೆ ಆ ಡಬ್ಬಿ ಪುಕ್ಕಟೆ ಕೊಟ್ಟರೂ ಬೇಡ.

ಫೈಬರ್ ಪೇಪರೇ ಬೇಕೆಂದು ಹಟ ಹಿಡಿದಿದ್ದೀಯ. ಅಂದ ಅದರದ್ದೇ, ನಾನೂ ಒಪ್ಪುತ್ತೇನೆ. ಆದರೆ ಅದನ್ನು ತೊಳೆಯುವುದಕ್ಕೆ ಸುಮಾರು ಒಂದು ಗಂಟೆ ನೀರು ಹರಿಯಬೇಕು. ನಮ್ಮ ಕನ್ಹಾನ್ ಹೊಳೆ ನಾಗ್ಪುರಕ್ಕೂ ನೀರು ಕುಡಿಸುತ್ತದೆ, ಬೇಸಿಗೆಯಲ್ಲಿ ನಮ್ಮ ಮನೆ ನಲ್ಲಿ ಮಾತ್ರ ಕೆಮ್ಮುತ್ತದೆ. ಸದ್ಯಕ್ಕೆ ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರಿನಲ್ಲಿ ಕೈ ಪಳಗಿಸು. ಎರಡು-ಮೂರು ನಿಮಿಷ ತೊಳೆದರೆ ಆಯಿತು. ಗೋಡೆಗೆ ಹಾಕುವಂಥದ್ದು ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು. ಅವನ್ನು ಡಿಸೆಂಬರಿನಲ್ಲಿ ಫೈಬರಿಗೆ ಹಾಕು. ಆಗ ನೀರೂ ಇರುತ್ತದೆ, ಡೆವಲಪರನ್ನು 20 ಡಿಗ್ರಿಗೆ ತರುವುದಕ್ಕೆ ಐಸು ಹುಡುಕಿಕೊಂಡು ಓಡುವ ಗೋಜೂ ಇರುವುದಿಲ್ಲ. ಓಡಲೇಬೇಕಾಗಿ ಬಂದರೆ ಐಸನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಟ್ರೇಯಲ್ಲಿಡು. ಹೋದ ವಾರದ ಹಾಗೆ ನೇರ ಸುರಿದು ಡೆವಲಪರನ್ನು ನೀರುಮಜ್ಜಿಗೆ ಮಾಡಬೇಡ.

ಹೇಳಲು ಮರೆತೆ. ಅಟ್ಟದ ಮೇಲೆ ‘ಇಂದು’ ಡಬ್ಬಿ ಇನ್ನೂ ಒಂದಿದೆ ಅಂತ ನಿನ್ನ ಕಣ್ಣಿಗೆ ಬಿದ್ದಿರಬೇಕು. ಮುಟ್ಟೀಯೆ ಜೋಕೆ! ಅದರಲ್ಲಿ ಅಜ್ಜಿ ರೇಷನ್ ಕಾರ್ಡು ಇಟ್ಟಿದ್ದಾಳೆ.