ಹಳೇ ಮೈಸೂರಿನ ಪಕ್ಷಗಳ ಜಿದ್ದು

ಪ್ರಶ್ನೆ: ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಅವರ ಪಕ್ಷಗಳು ಬದ್ಧವೈರಿಗಳಂತೆ ಕಾದಾಡಿದವು ಎಂದು ಓದಿದೆ. ನಮ್ಮ ಮೈಸೂರು ಸಂಸ್ಥಾನದಲ್ಲೂ ಅಂಥ ಪಕ್ಷಗಳಿದ್ದವೆ?
– ಓದುಗರು, ಚನ್ನರಾಯಪಟ್ಟಣ ಹೋಬಳಿ, ದೇವನಹಳ್ಳಿ ತಾಲ್ಲೂಕು

ಉತ್ತರ: ಇದ್ದವು, ಜಿದ್ದೂ ಇತ್ತು. ಹ್ಯಾಮಿಲ್ಟನ್ನರ ಫೆಡರಲಿಸ್ಟರಿಗೆ ಬಲವಾದ ಕೇಂದ್ರ ಸರ್ಕಾರ, ರಾಷ್ಟ್ರೀಯ ಬ್ಯಾಂಕು ಬೇಕಿತ್ತು. ಜೆಫರ್ಸನ್ನರ ರಿಪಬ್ಲಿಕನ್ನರು ಅಧಿಕಾರ ರಾಜ್ಯಗಳ ಕೈಯಲ್ಲೇ ಉಳಿಯಲಿ ಎಂದರು. ಮೈಸೂರಿನಲ್ಲಾದರೋ ಅಧಿಕಾರವೆಲ್ಲ ಮಹಾರಾಜರದು, ದಿವಾನರದು. 1881ರಲ್ಲಿ ದಿವಾನ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ಅಹವಾಲು ಹೇಳಿಕೊಳ್ಳಬಹುದಿತ್ತು, ಸರ್ಕಾರ ರಚಿಸುವಂತಿರಲಿಲ್ಲ. ಹಾಗಾಗಿ ಇಲ್ಲಿನ ಮೊದಲ ಜಗಳ ಹುಟ್ಟಿದ್ದು ಓದು ಮತ್ತು ನೌಕರಿಯ ಸುತ್ತ.

ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದ ಕಾಲವದು. 1917ರಲ್ಲಿ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಸೇರಿ ಪ್ರಜಾಮಿತ್ರ ಮಂಡಲಿ ಕಟ್ಟಿದರು. ಮರುವರ್ಷವೇ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದಿತು ಸಮಿತಿ. ಅರ್ಹತೆಯೊಂದೇ ಅಳತೆಗೋಲಾಗಲಿ ಎಂದಿದ್ದ ವಿಶ್ವೇಶ್ವರಯ್ಯನವರು ಆ ವೇಳೆಗೆ ದಿವಾನಗಿರಿ ಬಿಟ್ಟಿದ್ದರು. ಮಂಡಲ್ ವರದಿಗಿಂತ ಆರು ದಶಕ ಮೊದಲೇ ನಡೆದ ಈ ವಾದ ನಮ್ಮ ಶಾಲಾ ಪಾಠಗಳಲ್ಲಿ ವಿಸ್ತಾರವಾಗಿ ಬರಬೇಕು ಎಂಬುದು ನನ್ನ ಆಸೆ.

ಇನ್ನೊಂದು ಕಡೆ ಕಾಂಗ್ರೆಸ್. ಆಗ ಅದು ಹೆಚ್ಚಾಗಿ ಪೇಟೆಯ ವಕೀಲರ, ಪತ್ರಕರ್ತರ ಪಕ್ಷ. ನೌಕರಿಯಲ್ಲಿರುವವರೇ ನಾಳೆ ಸ್ವರಾಜ್ಯವನ್ನೂ ಹಿಡಿದುಕೊಂಡರೆ ನಮ್ಮ ಗತಿಯೇನು ಎಂಬ ಅಂಜಿಕೆ ಮಂಡಲಿಯವರದು. ಅವರು ನೆಚ್ಚಿದ್ದು ಅರಮನೆಯನ್ನು. ಆ ಅಂಜಿಕೆಯನ್ನು ಬರೀ ಜಾತಿ ರಾಜಕೀಯ ಎಂದು ತಳ್ಳಿಹಾಕುವುದು ಅನ್ಯಾಯ.

ಕ್ರಮೇಣ ಅರಮನೆಯ ಮೇಲಿನ ಭರವಸೆಯೂ ಸಾಲದಾಯಿತು. 1934ರಲ್ಲಿ ಮಂಡಲಿ ಮತ್ತು ಪ್ರಜಾಪಕ್ಷ ಎಂಬ ಇನ್ನೊಂದು ಪಕ್ಷ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. ಜವಾಬ್ದಾರಿ ಸರ್ಕಾರ ಬೇಕೆಂದು ಅದೂ ಕೇಳತೊಡಗಿತು. 1937ರಲ್ಲಿ ಕಾಂಗ್ರೆಸ್ಸಿನಲ್ಲೇ ಸೇರಿಕೊಂಡಿತು. ಪೇಟೆಯ ಪಕ್ಷಕ್ಕೆ ಹಳ್ಳಿಯ ಬಲ ಬಂದದ್ದು ಇದರಿಂದಲೇ ಎನ್ನಬೇಕು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಿದವರು ನಿಮ್ಮ ಪಕ್ಕದ ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯ. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಇಂಥದೇ ಸಭೆಯ ಮೇಲೆ ಗೋಲಿಬಾರ್ ಆಯಿತು. ಅಲ್ಲಿ ನೆರೆದಿದ್ದವರು ಸುತ್ತಲ ಹಳ್ಳಿಗಳ ಜನ.

ಅಮೆರಿಕದಲ್ಲಿ 1800ರ ಚುನಾವಣೆ ಸೋತ ಫೆಡರಲಿಸ್ಟರು ಮತ್ತೆ ಅಧ್ಯಕ್ಷ ಪದವಿ ಕಾಣಲಿಲ್ಲ. 1816ರ ಸ್ಪರ್ಧೆಯ ನಂತರ ಪಕ್ಷವೇ ಕರಗಿತು. ಇಲ್ಲಿ ಹೆಸರು ಅಳಿಸಿಕೊಂಡ ಪಕ್ಷದವರೇ ಚುಕ್ಕಾಣಿ ಹಿಡಿದರು. ಪ್ರಜಾ ಸಂಯುಕ್ತ ಪಕ್ಷದ ಮುಂದಾಳಾಗಿದ್ದ ಕೋಲಾರ ಜಿಲ್ಲೆ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು 1947ರ ಅಕ್ಟೋಬರ್‌ನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.